ವಠಾರ ಶಾಲೆಯ ದಿನಗಳು: ಹೆಣ್ಣುಮಕ್ಕಳಿಗೆ ಓದುವ ಹೊತ್ತು ದೊರಕಿಸಿದ ಬಗೆ

2020ರ ಮಾರ್ಚ್‌ನಲ್ಲಿ ಕೊರೊನಾದಿಂದಾಗಿ ಶಾಲೆಗಳು ಮುಚ್ಚಿದಾಗ ನಾನು ಶಿರಸಿ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದೆ. ಆಗ ಎಲ್ಲರ ಮಾತೂ ಮೊಬೈಲು, ನೆಟ್‌ವರ್ಕುಗಳ ಸುತ್ತಲೇ ಇತ್ತು. ಮನೆಮನೆಗೆ ಹೋಗತೊಡಗಿದ ಮೇಲೆ, ಮನೆಯಲ್ಲಿದ್ದ ಒಂದೇ ಮೊಬೈಲು ಅಣ್ಣನ ಅಥವಾ ತಮ್ಮನ ಪಾಲಾಗುತ್ತಿದ್ದುದನ್ನೂ, ಸಿಗ್ನಲ್ ಸಿಗುವ ಗುಡ್ಡದ ಮೇಲೆ ಹುಡುಗರು ಗುಂಪಾಗಿ ಕೂರುತ್ತಿದ್ದುದರಿಂದ ಆ ಕಾಡುದಾರಿಯಲ್ಲಿ ಹೆಣ್ಣುಮಕ್ಕಳನ್ನು ಕಳಿಸಲು ತಾಯಂದಿರು ಒಪ್ಪದಿದ್ದುದನ್ನೂ ಕಂಡೆ. ಓದಲು ಹೊತ್ತೇ ಸಿಗದ ಆ ಹುಡುಗಿಯರಿಗೆ ಮೊಬೈಲು ಕೊಡಿಸಿದ್ದರೂ ಹೆಚ್ಚೇನೂ ಆಗುತ್ತಿರಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಆದ್ದರಿಂದ ನಾನು "ಓದಿದೆಯಾ?" ಎಂದು ಕೇಳುವುದನ್ನು ಬಿಟ್ಟು, ಬೆಳಗಿನಿಂದ ರಾತ್ರಿಯವರೆಗೆ ಏನೇನು ಮಾಡಿದೆ ಎಂದು ಕೇಳಿ, ಪ್ರತಿಯೊಬ್ಬಳ ದಿನಚರಿಯನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟೆ. ನೀರು ತರುವುದು, ಕೊಟ್ಟಿಗೆ ಬಳಿಯುವುದು, ಸೊಪ್ಪು ಹೊರುವುದು, ಅಡುಗೆ, ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವುದು ಇವೆಲ್ಲ ಶಾಲೆಯಿದ್ದಾಗಲೂ ಇದ್ದವು. ಆದರೆ ಶಾಲೆಯ ಗಂಟೆ ಅವುಗಳಿಗೊಂದು ಗಡಿ ಹಾಕುತ್ತಿತ್ತು. "ಅಕ್ಕೋರೇ, ಕೆಲಸ ಮುಗಿದ ಮೇಲೆ ಓದ್ತಾಳೆ, ನಾವೇನು ಬೇಡ ಅಂದಿದ್ವಾ?" ಎಂದು ತಾಯಂದಿರು ಹೇಳುತ್ತಿದ್ದುದರಲ್ಲಿ ಸುಳ್ಳಿರಲಿಲ್ಲ. ಕೆಲಸ ಮಾತ್ರ ಮುಗಿಯುತ್ತಿರಲಿಲ್ಲ.

ಆಗಸ್ಟ್‌ನಲ್ಲಿ, ಮಕ್ಕಳಿರುವಲ್ಲಿಗೇ ಶಿಕ್ಷಕರು ಹೋಗಿ ಚಿಕ್ಕ ಗುಂಪುಗಳಲ್ಲಿ ಕಲಿಸುವ ಸರ್ಕಾರದ ವಿದ್ಯಾಗಮ ಕಾರ್ಯಕ್ರಮ ಆರಂಭವಾದಾಗ ಆ ಪುಸ್ತಕ ಉಪಯೋಗಕ್ಕೆ ಬಂತು. ಹೀಗೆ ಊರಿನಲ್ಲೇ ನಡೆಯುವ ವಠಾರ ಶಾಲೆಯನ್ನು ಮಧ್ಯಾಹ್ನದ ಊಟದ ಪಾತ್ರೆ ತೊಳೆದಾದ ಮೇಲೆ ಆರಂಭಿಸಿ, ಸಂಜೆ ಹಾಲು ಕರೆಯುವ ಹೊತ್ತಿಗೆ ಬಿಡುವಂತೆ ನಿಗದಿ ಮಾಡಿಕೊಂಡೆವು. ಜಾಗವೂ ಮನೆಗಳಿಂದ ಕಣ್ಣಿಗೆ ಕಾಣುವಂತಿರಬೇಕೆಂದು ದೇವಸ್ಥಾನದ ಚಂದ್ರಶಾಲೆ ಎಂಬ ಜಗಲಿಯನ್ನು ಆರಿಸಿದೆವು. ತಮ್ಮ, ತಂಗಿಯರನ್ನು ಜೊತೆಗೆ ಕರೆತರಲು ಅಡ್ಡಿಯಿಲ್ಲ ಎಂದೆವು. ಈ ಕೊನೆಯ ಮಾತಿನಿಂದಲೇ ಬಂದ ಹುಡುಗಿಯರು ಕೆಲವರಿದ್ದರು.

ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ವಿದ್ಯಾಗಮ ನಿಂತಿತು, ಅದರ ಹಿಂದೆಯೇ ಅಡಿಕೆ ಕೊಯ್ಲು ಬಂತು. ಸುಲಿದಷ್ಟಕ್ಕೆ ಕೂಲಿ ಸಿಗುವುದರಿಂದ, ಕೈಚುರುಕಿನ ಹುಡುಗಿಯ ದುಡಿಮೆ ಮನೆಗೆ ದೊಡ್ಡ ಆಸರೆಯಾಗುತ್ತದೆ. ತಂದೆಗೆ ಕೂಲಿಯಿಲ್ಲದ ಆ ವರ್ಷ ಅದನ್ನು ಬಿಡಿ ಎನ್ನಲು ನನಗೆ ಬಾಯಿ ಬರಲಿಲ್ಲ. ಬದಲಿಗೆ ಸುಲಿತದ ಅಂಗಳದಲ್ಲಿಯೇ ಸರದಿಯಂತೆ ಒಬ್ಬಳು ಪಾಠವನ್ನು ಗಟ್ಟಿಯಾಗಿ ಓದುವುದು, ಉಳಿದವರು ಸುಲಿಯುತ್ತ ಕೇಳುವುದು, ಓದಿದವಳ ಕೂಲಿಯ ಕೊರತೆಯನ್ನು ಎಲ್ಲರೂ ಸೇರಿ ತುಂಬುವುದು ಎಂದು ಗೊತ್ತು ಮಾಡಿದೆವು. ಇತಿಹಾಸ, ಕನ್ನಡಕ್ಕೆ ಇದು ಚೆನ್ನಾಗಿ ನಡೆಯಿತು; ಗಣಿತಕ್ಕೆ ನಡೆಯಲಿಲ್ಲ, ಆ ಕೊರತೆ ಮುಂದೆಯೂ ತುಂಬಲಿಲ್ಲ.

ಮದುವೆಯ ಆತಂಕ ಇದಕ್ಕಿಂತ ದೊಡ್ಡದು. ಕೆಲವೇ ಜನ ಸೇರಿ, ಮನೆಯಂಗಳದಲ್ಲಿ, ಕಡಿಮೆ ಖರ್ಚಿನಲ್ಲಿ ಮುಗಿಸಬಹುದೆಂಬ ಅನುಕೂಲವೇ ಕೆಲವು ಪಾಲಕರನ್ನು ಅವಸರಕ್ಕೆ ದೂಡಿತು. ಕಡ್ಡಾಯ ಶಿಕ್ಷಣದ ಹಕ್ಕು 14 ವರ್ಷಕ್ಕೇ ಮುಗಿಯುವುದರಿಂದ, ಒಂಬತ್ತು, ಹತ್ತನೆಯ ತರಗತಿಯವರು ಶಾಲೆ ಬಿಟ್ಟರೆ ಆ ಕಾನೂನು ಹಿಡಿಯುವುದಿಲ್ಲ. ನಾನು ಆಶಾ ಕಾರ್ಯಕರ್ತೆಯನ್ನೂ ಅಂಗನವಾಡಿ ಶಿಕ್ಷಕಿಯನ್ನೂ ಜೊತೆಗೆ ಕರೆದೊಯ್ದು, 18 ತುಂಬದ ಹುಡುಗಿಯ ಮದುವೆ ಕರ್ನಾಟಕದ ತಿದ್ದುಪಡಿಯಂತೆ ಮೊದಲಿನಿಂದಲೇ ಅಸಿಂಧುವೆಂದು ತಿಳಿಸಿದೆ. ಹುಡುಗಿಯರಿಗೆ ಮಕ್ಕಳ ಸಹಾಯವಾಣಿಯ 1098 ಸಂಖ್ಯೆಯನ್ನು ಬಾಯಿಪಾಠ ಮಾಡಿಸಿದೆ. ಒಂದು ಮದುವೆ ಮುಂದೆ ಹೋಯಿತು. ಇನ್ನೊಂದು ನಮಗೆ ತಿಳಿಯುವ ಮೊದಲೇ ಬೇರೆ ಊರಿನಲ್ಲಿ ನಡೆದುಹೋಗಿತ್ತು.

2021ರ ಜುಲೈನಲ್ಲಿ ಎಸ್‌ಎಸ್‌ಎಲ್‌ಸಿ ಪರೀಕ್ಷೆ 19 ಮತ್ತು 22ರಂದು, ಎರಡೇ ದಿನ, ಬಹು ಆಯ್ಕೆಯ ಪ್ರಶ್ನೆಗಳಲ್ಲಿ ಮುಗಿದು, ನಮ್ಮ ಹುಡುಗಿಯರೆಲ್ಲ ತೇರ್ಗಡೆಯಾದರು. ಆದರೆ ಪಿಯು ಕಾಲೇಜು ಪೇಟೆಯಲ್ಲಿತ್ತು, ಸಂಜೆಯ ಬಸ್ಸು ಇನ್ನೂ ಬರುತ್ತಿರಲಿಲ್ಲ. ಪಾಲಕರ ಸಹಿಯ ಮನವಿಯನ್ನು ಸಾರಿಗೆ ಘಟಕಕ್ಕೆ ಕೊಟ್ಟು, ಬಸ್ಸು ಬರುವವರೆಗೆ ಊರಿನ ಒಂದು ಟೆಂಪೋವನ್ನು ಪಾಲಕರೇ ಬಾಡಿಗೆ ಹಂಚಿಕೊಂಡು ಗೊತ್ತು ಮಾಡಿದರು. ಕತ್ತಲೆಗೆ ಮುನ್ನ ಮಗಳು ಮನೆ ಸೇರುತ್ತಾಳೆಂಬ ಭರವಸೆ ಸಿಕ್ಕ ಮನೆಗಳವರು ಕಾಲೇಜಿಗೆ ಹೆಸರು ಹಚ್ಚಿಸಿದರು.