ಡಿಸ್ಚಾರ್ಜ್ ಬುಕ್‌ನಲ್ಲಿ ತಪ್ಪು, ಕೈಗೆ ಬಾರದ ಪದಕ: ಸರಿಮಾಡಿಸುವುದು ಹೇಗೆ?

ನಮ್ಮ ದೊಡ್ಡಪ್ಪ ತೀರಿಕೊಂಡ ಮೇಲೆ ದೊಡ್ಡಮ್ಮನಿಗೆ ಕುಟುಂಬ ಪಿಂಚಣಿ ಶುರುವಾಗಲು ಹನ್ನೊಂದು ತಿಂಗಳು ಹಿಡಿಯಿತು. ಕಾರಣ ಒಂದು ಹೆಸರು. ಮದುವೆಯಾದ ವರ್ಷ ದೊಡ್ಡಪ್ಪ ಮಿಲಿಟರಿಯಲ್ಲಿ ಬರೆಸಿದ್ದು ದೊಡ್ಡಮ್ಮನನ್ನು ಮನೆಯಲ್ಲಿ ಕರೆಯುವ ಹೆಸರನ್ನು. ಆಧಾರ್‌ನಲ್ಲಿ ಇದ್ದದ್ದು ಪೂರ್ತಿ ಹೆಸರು. ಜಯಮ್ಮ ಮತ್ತು ಜಯಲಕ್ಷ್ಮಮ್ಮ ಒಬ್ಬರೇನಾ ಅಂತ ಪಾಂಡವಪುರದ ಹತ್ತಿರದ ನಮ್ಮೂರಲ್ಲಿ ಯಾರೂ ಕೇಳೋದೇ ಇಲ್ಲ. ಊರು ನೋಡದವರು ದೂರದ ಕಚೇರಿಯಲ್ಲಿ ಕೂತು ಕಡತ ನೋಡಿದರೆ ಮಾತ್ರ ಅವರು ಇಬ್ಬರು ಬೇರೆ ಬೇರೆ ಹೆಂಗಸರು.

ನಾವು ಮಾಡಿದ ತಪ್ಪನ್ನೂ ಹೇಳಿಬಿಡುತ್ತೇನೆ. ಬ್ಯಾಂಕಿನಲ್ಲಿ ಯಾರೋ ಹೇಳಿದರು ಅಂತ ಮೊದಲು ಆಧಾರ್ ತಿದ್ದಿಸಿ, ಡಿಸ್ಚಾರ್ಜ್ ಬುಕ್ಕಿನ, ಅಂದರೆ ನಿವೃತ್ತಿಯಾಗುವಾಗ ಸೇನೆ ಕೊಡುವ ಸೇವಾ ವಿವರದ ಪುಸ್ತಕದ, ಹೆಸರಿಗೆ ಹೊಂದಿಸಿದೆವು. ಆಗ ಪ್ಯಾನ್ ಕಾರ್ಡು, ಪಾಸ್‌ಬುಕ್ಕು, ಪಹಣಿ ಎಲ್ಲವೂ ಬೇರೆಯಾದವು. ಒಂದು ತಪ್ಪು ನಾಲ್ಕಾಯಿತು. ಕಾಗದ ತಿದ್ದಿಸಲು ಹೊರಟವರು ಮೊದಲು ತಿಳಿಯಬೇಕಾದ್ದು ಇದನ್ನೇ. ಸೈನಿಕರ ಮೂಲ ದಾಖಲೆ ಇರುವುದು ಅವರ ರೆಜಿಮೆಂಟಿನ ರೆಕಾರ್ಡ್ಸ್ ಆಫೀಸಿನಲ್ಲಿ. ಪಿಪಿಒ (ಪಿಂಚಣಿ ಪಾವತಿ ಆದೇಶ), ಸ್ಪರ್ಶ್ (ರಕ್ಷಣಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆ), ಇಸಿಎಚ್‌ಎಸ್ ಕಾರ್ಡು (ಮಾಜಿ ಸೈನಿಕರ ಆರೋಗ್ಯ ಯೋಜನೆಯದು), ಮಾಜಿ ಸೈನಿಕರ ಗುರುತಿನ ಚೀಟಿ ಎಲ್ಲಕ್ಕೂ ಆಧಾರ ಅದೇ. ಅಲ್ಲಿ ಸರಿಯಾಗದೆ ಕೆಳಗೆ ಎಲ್ಲಿ ತಿದ್ದಿಸಿದರೂ ನಿಲ್ಲುವುದಿಲ್ಲ.

ಮೊದಲು ಕೂತು ಓದಿ

ಡಿಸ್ಚಾರ್ಜ್ ಬುಕ್, ಪಿಪಿಒ, ಆಧಾರ್, ಪ್ಯಾನ್, ಈ ನಾಲ್ಕನ್ನೂ ಅಕ್ಕಪಕ್ಕ ಇಟ್ಟುಕೊಳ್ಳಿ. ಪಿಪಿಒ ಒಂದೇ ಇರುವುದಿಲ್ಲ. ಪಿಂಚಣಿ ಪರಿಷ್ಕರಣೆಯಾದಾಗಲೆಲ್ಲ ಬಂದ ಕಾರಿಜೆಂಡಮ್ (ತಿದ್ದುಪಡಿ) ಪಿಪಿಒಗಳೂ ಇರುತ್ತವೆ, ಅವನ್ನೂ ತೆಗೆಯಿರಿ. ಒಂದು ನೋಟ್‌ಬುಕ್ಕಿನಲ್ಲಿ ಸೈನಿಕರ ಹೆಸರು, ತಂದೆ ಹೆಸರು, ಹುಟ್ಟಿದ ತಾರೀಕು, ಹೆಂಡತಿ ಹೆಸರು ಮತ್ತು ತಾರೀಕು, ಮಕ್ಕಳದು, ಸೇರಿದ ದಿನ, ಬಿಟ್ಟ ದಿನ, ಕೊನೆಯ ರ‍್ಯಾಂಕು, ಪದಕಗಳು ಎಂದು ಸಾಲು ಹಾಕಿ. ಪ್ರತಿ ಕಾಗದದಲ್ಲಿ ಏನಿದೆಯೋ ಹಾಗೇ, ಅಕ್ಷರ ಅಕ್ಷರ ನೋಡಿ ಇಂಗ್ಲಿಷಿನಲ್ಲೇ ಬರೆದುಕೊಳ್ಳಿ.

ನಮ್ಮ ಕಡೆಯ ಹೆಸರುಗಳಲ್ಲಿ ತಪ್ಪು ಜಾಸ್ತಿ. ಭರ್ತಿಯ ದಿನ ಹುಡುಗ ಬಾಯಲ್ಲಿ ಹೇಳಿದ್ದನ್ನು ಕನ್ನಡ ಬಾರದ ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದುಕೊಂಡಿರುತ್ತಾರೆ. ಸಿದ್ದೇಗೌಡ ಅನ್ನೋದು ಒಂದು ಕಡೆ ಒಂದೇ ಪದ, ಇನ್ನೊಂದು ಕಡೆ ಸಿದ್ದೆ ಬೇರೆ, ಗೌಡ ಬೇರೆ. ಇನಿಷಿಯಲ್ ಒಂದು ಕಡೆ ಹೆಸರಿನ ಮುಂದೆ, ಇನ್ನೊಂದು ಕಡೆ ಹಿಂದೆ, ಮತ್ತೊಂದು ಕಡೆ ಇಲ್ಲವೇ ಇಲ್ಲ. ತಂದೆಯ ಹೆಸರೇ ಸರ್‌ನೇಮ್ ಆಗಿ ಕೂತಿರುವುದೂ ಉಂಟು.

ಕೆಲವು ತಪ್ಪಿನಂತೆ ಕಂಡರೂ ತಪ್ಪಲ್ಲ. 1973ರ ನವೆಂಬರ್ 1ರವರೆಗೆ ನಮ್ಮ ರಾಜ್ಯದ ಹೆಸರು ಮೈಸೂರು. ಅದಕ್ಕೂ ಮೊದಲು ಸೇರಿದವರ ಪುಸ್ತಕದಲ್ಲಿ ರಾಜ್ಯ ಮೈಸೂರು ಅಂತಲೇ ಇರುತ್ತದೆ. ಇನ್ನೂ ಹಳೆಯ ಕಾಗದಗಳಲ್ಲಿ ಪಾಂಡವಪುರ ಫ್ರೆಂಚ್ ರಾಕ್ಸ್ ಆಗಿರಬಹುದು. ಅದನ್ನು ತಿದ್ದಿಸಲು ಓಡಾಡಬೇಡಿ.

ಸೈನಿಕರ ಸ್ವಂತ ಹುಟ್ಟಿದ ತಾರೀಕಿನ ವಿಷಯ ಬೇರೆ. ಭರ್ತಿಯ ದಿನ ಬರೆಸಿದ ತಾರೀಕನ್ನು ನಿವೃತ್ತಿಯಾದ ಮೇಲೆ ಬದಲಿಸುವುದು ಹೆಚ್ಚುಕಡಿಮೆ ಆಗದ ಕೆಲಸ. ಮೂಲ ದಾಖಲೆಯಲ್ಲಿ ಸರಿಯಿದ್ದು, ಅದನ್ನು ಇಳಿಸುವಾಗ ಗುಮಾಸ್ತರ ಕೈತಪ್ಪಾಗಿದ್ದರೆ ಮಾತ್ರ ದಾರಿಯಿದೆ. ಇಲ್ಲದಿದ್ದರೆ ಶಾಲೆಯ ದಾಖಲೆ ಆಧರಿಸಿ ಆಧಾರ್ ಸರಿಮಾಡಿಸಬಹುದಾ ಅಂತ ನೋಡುವುದೇ ವಾಸಿ. ಹೆಂಡತಿ ಮಕ್ಕಳ ಹೆಸರು, ತಾರೀಕಿನ ವಿಷಯದಲ್ಲಿ ಇಷ್ಟು ಬಿಗಿಯಿಲ್ಲ.

ಪಾರ್ಟ್ ಟೂ ಆರ್ಡರ್ ಎಂಬ ಬೀಗದ ಕೈ

ಮಿಲಿಟರಿಯಲ್ಲಿ ಇದ್ದವರನ್ನು ಕೇಳಿ ನೋಡಿ, ಪಾರ್ಟ್ ಟೂ ಆರ್ಡರ್ ಅಂದ ಕೂಡಲೇ ತಲೆಯಾಡಿಸುತ್ತಾರೆ. ಸೈನಿಕನ ಬದುಕಿನಲ್ಲಿ ಏನೇ ಬದಲಾದರೂ, ಅಂದರೆ ಮದುವೆ, ಮಗು, ಬಡ್ತಿ, ವರ್ಗಾವಣೆ, ಗಾಯ, ಪದಕ ಹೀಗೆ ಏನೇ ಆದರೂ, ಅವನ ಯೂನಿಟ್ಟು ಈ ಆದೇಶ ಹೊರಡಿಸುತ್ತದೆ. ಅದರ ಪ್ರತಿ ರೆಕಾರ್ಡ್ಸ್‌ಗೆ ಹೋಗಿ ಅಲ್ಲಿ ದಾಖಲಾಗುತ್ತದೆ. ಈ ಆದೇಶ ಆಗಿಲ್ಲ ಅಂದರೆ ಮದುವೆ ಊರಿಗೆಲ್ಲ ಗೊತ್ತಿದ್ದರೂ ಸೇನೆಯ ಲೆಕ್ಕದಲ್ಲಿ ಆಗಿಲ್ಲ. ಹಾಗಾಗಿ ನಿಮ್ಮ ತಪ್ಪು ಯಾವ ಬಗೆಯದು ಅಂತ ಮೊದಲು ಗೊತ್ತು ಮಾಡಿಕೊಳ್ಳಬೇಕು. ಆದೇಶವೇ ಹೊರಟಿಲ್ಲವಾ? ಹೊರಟರೂ ರೆಕಾರ್ಡ್ಸ್‌ನಲ್ಲಿ ಏರಿಲ್ಲವಾ? ಏರಿದ್ದೇ ತಪ್ಪಾಗಿ ಏರಿದೆಯಾ? ಟ್ರಂಕಿನ ತಳದಲ್ಲಿ ಹಳದಿಯಾದ ಟೈಪ್ ಕಾಗದದ ತುಂಡು ಸಿಕ್ಕರೆ ಬಿಸಾಡಬೇಡಿ. ದೊಡ್ಡಪ್ಪನ ಟ್ರಂಕಿನಲ್ಲಿ ಅಂಥ ಮೂರು ಸಿಕ್ಕವು, ಹಳೆಯ ರಜೆ ಚೀಟಿಗಳ ಜೊತೆ ಸ್ಟೇಪಲ್ ಹೊಡೆದಿದ್ದವು. ಮುಂದಿನ ಕೆಲಸವೆಲ್ಲ ನಡೆದಿದ್ದು ಅವುಗಳಿಂದ.

ಮೈಸೂರಿನಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿ ಇದೆ. ಹಳಬರು ಈಗಲೂ ಸೈನಿಕ್ ಬೋರ್ಡ್ ಅಂತಾರೆ. ನೋಟ್‌ಬುಕ್ಕಿನ ಆ ಪಟ್ಟಿ ಹಿಡಿದು ಮೊದಲು ಅಲ್ಲಿಗೆ ಹೋಗಿ. ಅರ್ಜಿಯನ್ನು ದೃಢೀಕರಿಸಿ ರೆಕಾರ್ಡ್ಸ್‌ಗೆ ಕಳಿಸಿಕೊಡುವುದು ಅವರ ಕೆಲಸವೇ. ಏಜೆಂಟರಿಗೆ ದುಡ್ಡು ಕೊಡುವ ಅಗತ್ಯ ಇಲ್ಲ.

ಜೊತೆಗೆ ಬೇಕಾಗುವುದು ಅಫಿಡವಿಟ್, ಎರಡೂ ಹೆಸರು ಒಬ್ಬರದೇ ಅನ್ನುವುದಕ್ಕೆ ಪುರಾವೆ, ಗಂಡ ಹೆಂಡತಿ ಜೊತೆಗಿರುವ ಫೋಟೋ, ಡಿಸ್ಚಾರ್ಜ್ ಬುಕ್ ಮತ್ತು ಪಿಪಿಒ ಪ್ರತಿ. ಅಕ್ಷರ ದೋಷಕ್ಕೆ ಇಷ್ಟರಲ್ಲಿ ಮುಗಿಯಬಹುದು. ಹೆಸರೇ ಪೂರ್ತಿ ಬೇರೆಯಾಗಿದ್ದರೆ ಪತ್ರಿಕೆಯಲ್ಲಿ ಜಾಹೀರಾತು, ಗೆಜೆಟ್ ಪ್ರಕಟಣೆ ಕೇಳುತ್ತಾರೆ. ಅಫಿಡವಿಟ್ ಬರೆಸುವ ಮೊದಲೇ ಯಾವ ನಮೂನೆ ಬೇಕು ಅಂತ ಕೇಳಿಕೊಂಡರೆ ಎರಡು ಸಲ ನೋಟರಿ ಹತ್ತಿರ ಹೋಗೋದು ತಪ್ಪುತ್ತದೆ.

ರೆಕಾರ್ಡ್ಸ್‌ಗೆ ಬರೆಯುವ ಪತ್ರ

ಅರ್ಜಿ ಎಲ್ಲಿಗೆ ಹೋಗಬೇಕು ಅನ್ನೋದು ಯಾವ ಪಡೆ ಅನ್ನುವುದರ ಮೇಲೆ. ಮದ್ರಾಸ್ ರೆಜಿಮೆಂಟಿನವರಿಗೆ ನೀಲಗಿರಿಯ ವೆಲಿಂಗ್ಟನ್. ಮದ್ರಾಸ್ ಎಂಜಿನಿಯರ್ ಗ್ರೂಪ್ ಮತ್ತು ಮಿಲಿಟರಿ ಪೊಲೀಸರಿಗೆ ಬೆಂಗಳೂರು. ಮರಾಠಾ ಲೈಟ್ ಇನ್‌ಫೆಂಟ್ರಿಗೆ ಬೆಳಗಾವಿ, ಆರ್ಟಿಲರಿಗೆ ನಾಸಿಕ್ ರೋಡ್, ಸಿಗ್ನಲ್ಸ್‌ಗೆ ಜಬಲ್‌ಪುರ, ಇಎಂಇಗೆ (ಎಲೆಕ್ಟ್ರಾನಿಕ್ಸ್ ಮತ್ತು ಮೆಕ್ಯಾನಿಕಲ್ ಎಂಜಿನಿಯರ್ಸ್) ಸಿಕಂದರಾಬಾದ್. ವಾಯುಪಡೆಗೆ ದೆಹಲಿಯ ಸುಬ್ರೊತೊ ಪಾರ್ಕ್, ನೌಕಾಪಡೆಯ ನಾವಿಕರಿಗೆ ಮುಂಬೈ. ಒಮ್ಮೆ ನಿವೃತ್ತರಾಗಿ ಮತ್ತೆ ಡಿಎಸ್‌ಸಿ (ಡಿಫೆನ್ಸ್ ಸೆಕ್ಯುರಿಟಿ ಕೋರ್) ಸೇರಿದವರು ನಮ್ಮಲ್ಲಿ ತುಂಬಾ ಜನ ಇದ್ದಾರೆ. ಅವರ ಎರಡನೇ ಸೇವೆಯ ದಾಖಲೆ ಕಣ್ಣೂರಿನಲ್ಲಿ ಇರುತ್ತದೆ. ಹೆಸರು ಎರಡೂ ಕಡೆ ಒಂದೇ ಥರ ಇದೆಯಾ ಅಂತ ನೋಡಲು ಮರೆಯಬೇಡಿ.

ಪತ್ರ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರಲಿ. ಮೊದಲ ಸಾಲಿನಲ್ಲೇ ಆರ್ಮಿ ನಂಬರು, ರ‍್ಯಾಂಕು, ಪುಸ್ತಕದಲ್ಲಿ ಇರುವ ಹಾಗೇ ಹೆಸರು. ನಂಬರಿನ ಕೊನೆಯಲ್ಲಿ ಇಂಗ್ಲಿಷ್ ಅಕ್ಷರ ಇದ್ದರೆ ಅದನ್ನು ಬಿಡಬೇಡಿ. ಜೆಸಿಒ (ಜೂನಿಯರ್ ಕಮಿಷನ್ಡ್ ಆಫೀಸರ್) ಆಗಿ ನಿವೃತ್ತರಾಗಿದ್ದರೆ ಜೆಸಿ ನಂಬರಿನ ಜೊತೆ ಹಳೆಯ ನಂಬರೂ ಬೇಕು, ಯಾಕೆಂದರೆ ಮೊದಲ ವರ್ಷಗಳ ಕಾಗದವೆಲ್ಲ ಆ ನಂಬರಿನಲ್ಲಿ ಇರುತ್ತದೆ. ಆಮೇಲೆ ಸೇರಿದ ದಿನ, ಬಿಟ್ಟ ದಿನ, ಪಿಪಿಒ ನಂಬರು. ಆಮೇಲೆ ತಪ್ಪು. ಈಗ ಹೀಗಿದೆ, ಹೀಗಾಗಬೇಕು, ಅದಕ್ಕೆ ಪುರಾವೆ ಇದು. ಇಷ್ಟೇ ಸಾಕು. ದೊಡ್ಡಪ್ಪ ಎಷ್ಟು ಕಷ್ಟಪಟ್ಟರು ಅಂತ ನಾನು ಮೊದಲ ಪತ್ರದಲ್ಲಿ ಎರಡು ಪುಟ ಬರೆದಿದ್ದೆ. ಕೇಳಬೇಕಾದ ತಿದ್ದುಪಡಿ ಅದರ ನಡುವೆ ಮುಚ್ಚಿಹೋಗಿತ್ತು. ಎರಡನೇ ಪತ್ರ ಅರ್ಧ ಪುಟದ್ದು, ಅದಕ್ಕೆ ಉತ್ತರ ಬಂತು. ಒಂದು ಪತ್ರದಲ್ಲಿ ಒಂದೇ ವಿಷಯ ಇಡಿ. ಹೆಂಡತಿ ಹೆಸರಿಗೆ ಒಂದು, ಪದಕಕ್ಕೆ ಇನ್ನೊಂದು. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿಯನ್ನು ಪ್ರತಿಗೆ ಅಂಟಿಸಿಡಿ. ಮೂಲ ಡಿಸ್ಚಾರ್ಜ್ ಬುಕ್ಕನ್ನು ಅವರೇ ಬರೆದು ಕೇಳುವವರೆಗೂ ಕಳಿಸಬೇಡಿ.

ರೆಕಾರ್ಡ್ಸ್‌ನಲ್ಲಿ ತಿದ್ದಿದ ಮೇಲೆ ಅಲ್ಲಿಂದಲೇ ಪಿಂಚಣಿ ಕಚೇರಿಗೆ ವಿಷಯ ಹೋಗಿ ಪಿಪಿಒ ಬದಲಾಗಬೇಕು. ಭೂಸೇನೆಯವರಿಗೆ ಅದು ಪ್ರಯಾಗ್‌ರಾಜ್‌ನ ಪಿಸಿಡಿಎ. ಸ್ಪರ್ಶ್‌ನಲ್ಲಿ ಲಾಗಿನ್ ಆಗಿ ಹೊಸ ಹೆಸರು ಬಂದಿದೆಯಾ ಅಂತ ಕಣ್ಣಾರೆ ನೋಡಿ. ಬರದಿದ್ದರೆ ರೆಕಾರ್ಡ್ಸ್‌ನ ಪತ್ರ ಲಗತ್ತಿಸಿ ಅಲ್ಲೇ ದೂರು ದಾಖಲಿಸಿ. ಇಸಿಎಚ್‌ಎಸ್ ಕಾರ್ಡು ಆಮೇಲೆ.

ಪದಕ ಬರಬೇಕಿತ್ತು, ಬಂದಿಲ್ಲ

ಇದನ್ನು ಬಹಳ ಜನ ಸುಮ್ನೆ ಬಿಟ್ಟುಬಿಡುತ್ತಾರೆ. ಈ ಸೇವಾ ಪದಕಗಳಿಗೆ ತಿಂಗಳ ಭತ್ಯೆ ಇಲ್ಲ, ಹಾಗಾಗಿ ಯಾಕೆ ಓಡಾಡಬೇಕು ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಆ ಮನುಷ್ಯ ಆ ದಿನ ಆ ಜಾಗದಲ್ಲಿ ಇದ್ದ ಅಂತ ದೇಶ ಕೊಟ್ಟ ಚೀಟಿ ಅದು. ಅದನ್ನು ಕೇಳಿ ಪಡೆಯುವುದರಲ್ಲಿ ಸಂಕೋಚ ಯಾಕೆ?

ಮೊದಲು ಯಾವುದು ಸಲ್ಲಬೇಕು ಅಂತ ನೋಡಿ. 1965ರ ಯುದ್ಧಕ್ಕೆ ಸಮರ ಸೇವಾ ಸ್ಟಾರ್ ಮತ್ತು ರಕ್ಷಾ ಪದಕ. 1971ಕ್ಕೆ ಪೂರ್ವದ ರಣರಂಗದಲ್ಲಿ ಇದ್ದವರಿಗೆ ಪೂರ್ವಿ ಸ್ಟಾರ್, ಪಶ್ಚಿಮದಲ್ಲಿ ಇದ್ದವರಿಗೆ ಪಶ್ಚಿಮಿ ಸ್ಟಾರ್, ಜೊತೆಗೆ ಸಂಗ್ರಾಮ್ ಪದಕ. ಸಿಯಾಚಿನ್‌ಗೆ ಬೇರೆ, ಎತ್ತರದ ಪ್ರದೇಶದ ಸೇವೆಗೆ ಬೇರೆ. 1999ರ ಕಾರ್ಗಿಲ್‌ಗೆ ಆಪರೇಷನ್ ವಿಜಯ್ ಸ್ಟಾರ್ ಮತ್ತು ಪದಕ, 2001-02ರ ಗಡಿ ಜಮಾವಣೆಗೆ ಆಪರೇಷನ್ ಪರಾಕ್ರಮ್ ಪದಕ. 9, 20, 30 ವರ್ಷದ ದೀರ್ಘ ಸೇವೆಗೆ ಒಂದೊಂದು. 1972ರ ಮತ್ತು 1997ರ ಆಗಸ್ಟ್ 15ರಂದು ಸೇವೆಯಲ್ಲಿ ಇದ್ದವರಿಗೆ ಸ್ವಾತಂತ್ರ್ಯದ 25ನೇ ಮತ್ತು 50ನೇ ವರ್ಷದ ಪದಕಗಳು. ಯುದ್ಧದಲ್ಲಿ ಗಾಯಗೊಂಡವರಿಗೆ ಗಾಯದ ಪದಕ. ಅದಕ್ಕೆ ಗಾಯದ ಪಾರ್ಟ್ ಟೂ ಆರ್ಡರ್ ಇರಲೇಬೇಕು.

ಈ ಪಟ್ಟಿಯನ್ನು ಡಿಸ್ಚಾರ್ಜ್ ಬುಕ್‌ನ ಪದಕದ ಕಾಲಂಗೆ ಹೊಂದಿಸಿ ನೋಡಿ. ಎರಡು ಬಗೆ ಸಿಗುತ್ತದೆ. ಪುಸ್ತಕದಲ್ಲಿ ಹೆಸರಿದೆ, ಆದರೆ ಲೋಹ ಕೈಗೆ ಬಂದಿಲ್ಲ. ಇದು ಸುಲಭ, ಇಂಥ ಪದಕ ದಾಖಲಾಗಿದೆ, ವಿತರಣೆಯಾಗಿಲ್ಲ, ಕಳಿಸಿಕೊಡಿ ಅಂತ ಬರೆದರೆ ಆಯಿತು. ಇನ್ನೊಂದು, ಪುಸ್ತಕದಲ್ಲೇ ಇಲ್ಲ. ಅದಕ್ಕೆ ಆ ಅವಧಿಯಲ್ಲಿ ನಿಮ್ಮವರು ಯಾವ ಯೂನಿಟ್ಟಿನಲ್ಲಿ, ಎಲ್ಲಿ ಇದ್ದರು ಅಂತ ತೋರಿಸಬೇಕು. ವರ್ಗಾವಣೆಯ ವಿವರ, ಪಾರ್ಟ್ ಟೂ ಆರ್ಡರ್, ಜೊತೆಗಿದ್ದವರ ಅದೇ ಪದಕದ ದಾಖಲೆ ಇವೆಲ್ಲ ನೆರವಿಗೆ ಬರುತ್ತವೆ. ನಮ್ಮದು ಈ ಎರಡನೇ ಬಗೆ. 1971ರಲ್ಲಿ ದೊಡ್ಡಪ್ಪ ಪಶ್ಚಿಮ ಗಡಿಯಲ್ಲಿ ಇದ್ದರು, ಸಂಗ್ರಾಮ್ ಪದಕ ಇತ್ತು, ಪಶ್ಚಿಮಿ ಸ್ಟಾರ್ ಇರಲಿಲ್ಲ. ಕೇಳಿದಾಗಲೆಲ್ಲ "ಬರುತ್ತೆ ಬಿಡು" ಅನ್ನುತ್ತಿದ್ದರು. ಯುದ್ಧ ಮುಗಿದ ಕೆಲವೇ ತಿಂಗಳಲ್ಲಿ ಅವರಿಗೆ ಬೇರೆ ಯೂನಿಟ್ಟಿಗೆ ವರ್ಗವಾಗಿತ್ತು. ಟ್ರಂಕಿನಲ್ಲಿ ಸಿಕ್ಕ ಮೂರು ಕಾಗದಗಳಲ್ಲಿ ಒಂದು ಆ ವರ್ಗಾವಣೆಯದೇ.

ಶೌರ್ಯ ಪ್ರಶಸ್ತಿಗಳನ್ನು ಇದರ ಜೊತೆ ಸೇರಿಸಬೇಡಿ. ಸೇನಾ ಪದಕ, ವೀರಚಕ್ರದಂಥವು ಆ ಕಾಲದಲ್ಲೇ ಶಿಫಾರಸಾಗಿ ಭಾರತದ ಗೆಜೆಟ್‌ನಲ್ಲಿ ಪ್ರಕಟವಾಗಿರಬೇಕು. ಗೆಜೆಟ್‌ನಲ್ಲಿ ಹೆಸರಿದ್ದು ಪುಸ್ತಕದಲ್ಲಿ ಇಲ್ಲದಿದ್ದರೆ ಖಂಡಿತ ಕೇಳಿ. ಶಿಫಾರಸೇ ಆಗಿರದಿದ್ದರೆ ದಾಖಲೆ ತಿದ್ದುಪಡಿಯಿಂದ ಅದು ಬರುವುದಿಲ್ಲ.

ಸೈನಿಕರು ಇಲ್ಲದಿದ್ದರೆ ಹೆಂಡತಿಯೋ ಮಕ್ಕಳೋ ಅರ್ಜಿ ಹಾಕಬಹುದು, ಮರಣ ಪ್ರಮಾಣಪತ್ರ ಮತ್ತು ಸಂಬಂಧದ ಪುರಾವೆ ಜೊತೆಗಿರಲಿ. ಇದ್ದ ಪದಕ ಕಳೆದುಹೋಗಿದ್ದರೆ ಮೊದಲು ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.

ಉತ್ತರ ಬರದಿದ್ದರೆ

ಮೂರು ತಿಂಗಳು ಕಾದು ಒಂದು ನೆನಪೋಲೆ ಬರೆಯಿರಿ. ಆಮೇಲೂ ಮೌನವಾದರೆ ಮಾಹಿತಿ ಹಕ್ಕು. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ಯಾಕೆ ಕೊಟ್ಟಿಲ್ಲ ಅಂತ ಜಗಳದ ಧಾಟಿಯಲ್ಲಿ ಕೇಳಿದರೆ ಪ್ರಯೋಜನವಿಲ್ಲ. ದಾಖಲೆಯ ಪ್ರತಿ ಕೇಳಿ. ಶೀಟ್ ರೋಲ್‌ನ (ಸೈನಿಕರ ಸೇವಾ ವಿವರದ ಮೂಲ ದಾಖಲೆ) ಪ್ರತಿ, ಮದುವೆಯ ಪಾರ್ಟ್ ಟೂ ಆರ್ಡರ್‌ನ ಪ್ರತಿ, ಪದಕಗಳ ವಿವರದ ಪ್ರತಿ, ಇಂಥ ದಿನದ ನನ್ನ ಅರ್ಜಿಯ ಮೇಲೆ ತೆಗೆದುಕೊಂಡ ಕ್ರಮ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, 30 ದಿನದೊಳಗೆ ಮೊದಲ ಮೇಲ್ಮನವಿ.

ಇದನ್ನು ಮುಂದಕ್ಕೆ ಹಾಕಬೇಡಿ ಅನ್ನಲು ಕಾರಣ ಇದೆ. ಪಿಂಚಣಿಯಿಲ್ಲದೆ ಸೇವೆ ಬಿಟ್ಟವರ ಸೇವಾ ಕಡತಗಳನ್ನು 25 ವರ್ಷದ ಮೇಲೆ ನಾಶಮಾಡುವ ನಿಯಮ ಇದೆ. ಆಮೇಲೆ ಉಳಿಯುವುದು ಲಾಂಗ್ ರೋಲ್ ಎಂಬ ಸಂಕ್ಷಿಪ್ತ ದಾಖಲೆ ಮಾತ್ರ. ಕಡತ ನಾಶವಾಗಿದೆ ಎಂದು ಉತ್ತರ ಬಂದರೆ ಲಾಂಗ್ ರೋಲ್‌ನ ಪ್ರತಿ ಕೇಳಿ, ನಿಮ್ಮ ಮನೆಯ ಕಾಗದಗಳನ್ನು ಅದರ ಜೊತೆ ಇಡಿ.

ರೆಕಾರ್ಡ್ಸ್‌ನವರು ಆಗುವುದಿಲ್ಲ ಎಂದು ಬರಹದಲ್ಲಿ ಕೊಟ್ಟರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. 2007ರ ಕಾಯ್ದೆಯಡಿ ಆದದ್ದು. ಅಂತಿಮ ಆದೇಶ ಬಂದ ಆರು ತಿಂಗಳೊಳಗೆ ಹೋಗಬೇಕು. ಹಾಗಾಗಿ ಬಂದ ಲಕೋಟೆಯನ್ನು ಎಸೆಯಬೇಡಿ, ಅದರ ಮೇಲಿನ ಅಂಚೆ ಮುದ್ರೆಯ ತಾರೀಕು ಬೇಕಾಗುತ್ತದೆ.

ಪದಕದ ಪಾರ್ಸೆಲ್ ಬಂದ ದಿನ ಮಾಡಬೇಕಾದ ಕೆಲಸ ಒಂದಿದೆ. ಪದಕದ ಮೇಲೆ ನಂಬರು, ರ‍್ಯಾಂಕು, ಹೆಸರು ಸಣ್ಣ ಅಕ್ಷರದಲ್ಲಿ ಕೊರೆದಿರುತ್ತದೆ, ದುಂಡನೆಯ ಪದಕಗಳಲ್ಲಿ ಅದು ಅಂಚಿನಲ್ಲಿ ಇರುತ್ತದೆ. ಅದನ್ನು ಡಿಸ್ಚಾರ್ಜ್ ಬುಕ್‌ಗೆ ಹೋಲಿಸಿ ನೋಡಬೇಕು, ತಪ್ಪಿದ್ದರೆ ಕೂಡಲೇ ವಾಪಸ್ ಬರೆಯಬೇಕು. ನಮ್ಮದು ಬಂದಾಗ ದೊಡ್ಡಮ್ಮ ಜಗಲಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು, ಆಮೇಲೆ ನನ್ನ ಕೈಗೆ ಕೊಟ್ಟು ಓದು ಅಂದರು. ನಂಬರು, ರ‍್ಯಾಂಕು, ಹೆಸರು ಓದಿದೆ. ಎಲ್ಲ ಸರಿಯಿತ್ತು. ಇನ್ನೊಂದು ಸಲ ಓದು ಅಂದರು.