ಕುಮ್ಸಾರಿಗೆ ಮುನ್ನ ಆತ್ಮಪರೀಕ್ಷೆ ಮಾಡುವ ಬಗೆ

ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಬಂತೆಂದರೆ ಬೇಳ, ಮಂಜೇಶ್ವರ, ವರ್ಕಾಡಿ ಕಡೆಯ ಇಗರ್ಜಿಗಳಲ್ಲಿ (ಚರ್ಚ್‌ಗಳಲ್ಲಿ) ಕುಮ್ಸಾರಿಗೆ, ಅಂದರೆ ಗುರುಗಳ (ಪಾದ್ರಿಗಳ) ಮುಂದೆ ಪಾಪಗಳನ್ನು ಒಪ್ಪಿಕೊಳ್ಳುವುದಕ್ಕೆ, ಸಾಲು ಉದ್ದವಾಗುತ್ತದೆ. ಸಾಲಿನಲ್ಲಿ ನಿಂತುಕೊಂಡೇ ಪಾಪಗಳನ್ನು ಹುಡುಕಿದರೆ ಸಿಗುವುದು ಕಳೆದ ಸಲ ಹೇಳಿದ ಅದೇ ಮೂರು ಮಾತು: ಪ್ರಾರ್ಥನೆ ತಪ್ಪಿಸಿದೆ, ಕೋಪ ಮಾಡಿದೆ, ಸುಳ್ಳು ಹೇಳಿದೆ. ಹುಡುಕುವ ಕೆಲಸವನ್ನು ಹಿಂದಿನ ದಿನ ಮನೆಯಲ್ಲೇ ಮುಗಿಸಬೇಕು. ಪ್ರೊಟೆಸ್ಟೆಂಟ್ ಸಭೆಗಳವರಿಗೆ ಕರ್ತನ ಭೋಜನಕ್ಕೆ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವುದಕ್ಕೆ) ಮುಂಚೆ ಇದೇ ಕ್ರಮ ಒದಗುತ್ತದೆ. 1 ಕೊರಿಂಥ 11:28ರಲ್ಲಿ ಪೌಲನು ಕೇಳುವುದೂ ಇದನ್ನೇ.

ರಾತ್ರಿ ಊಟಕ್ಕೆ ಮೊದಲು ಅರ್ಧ ಗಂಟೆ ಇಟ್ಟುಕೊಳ್ಳಿ. ಊಟವಾದ ಮೇಲೆ ತೂಕಡಿಕೆ ಬರುತ್ತದೆ. ಫೋನ್ ಬೇರೆ ಕೋಣೆಯಲ್ಲಿರಲಿ. ಒಂದು ಹಾಳೆ, ಒಂದು ಪೆನ್ನು ಸಾಕು. ಕೂಡಲೇ ಬರೆಯಲು ಹೋಗಬೇಡಿ. ಯೇಸುಸಭೆಯ (ಜೆಸ್ವಿಟರ) ಸ್ಥಾಪಕ ಸಂತ ಇಗ್ನೇಷಿಯಸ್ ಲೊಯೋಲಾ ಹಾಕಿಕೊಟ್ಟ ಐದು ಹಂತಗಳಲ್ಲಿ ಲೆಕ್ಕ ನೋಡುವುದು ಮೂರನೆಯದು. ಮೊದಲು ದೇವರಿಗೆ ಕೃತಜ್ಞತೆ, ಆಮೇಲೆ ಪಾಪವನ್ನು ಕಾಣುವ ಕೃಪೆಗಾಗಿ ಬೇಡಿಕೆ. ಈ ಬೇಡಿಕೆಗೆ ಕೀರ್ತನೆ 139ರ ಕೊನೆಯ ಎರಡು ವಚನಗಳು ತಕ್ಕವು. ನಮ್ಮ ಮನಸ್ಸು ನಮ್ಮದೇ ವಕೀಲ. ಅದೊಂದನ್ನೇ ಕೇಳಿ ತೀರ್ಪು ಬರೆಯಲಾಗದು.

ಬರೆಯುವಾಗ ಒಂದು ಪಾಪಕ್ಕೆ ಒಂದೇ ಸಾಲು: ಯಾರಿಗೆ, ಏನು, ಎಷ್ಟು ಸಲ. ಸಾಲಿನ ಕರ್ತೃ ‘ನಾನು’ ಆಗಿರಲೇಬೇಕು. ನಮಗೆ ನಾವೇ ಸುಳ್ಳು ಹೇಳಿಕೊಳ್ಳುವುದು ಹೆಚ್ಚಾಗಿ ಇಲ್ಲೇ. ‘ಏನೋ ಮಾತು ಬಂದುಹೋಯಿತು’ ಎಂದು ಬರೆದಿದ್ದರೆ ಹೊಡೆದುಹಾಕಿ, ‘ಅತ್ತಿಗೆಯ ಬಗ್ಗೆ ಇಲ್ಲದ್ದನ್ನು ಪಕ್ಕದ ಮನೆಯಲ್ಲಿ ಹೇಳಿದೆ’ ಎಂದು ಬರೆಯಿರಿ. ‘ಕೂಲಿ ಬಾಕಿ ಉಳಿಯಿತು’ ಅಲ್ಲ. ‘ದುಡ್ಡು ಕೈಯಲ್ಲಿದ್ದೂ ಅಡಿಕೆ ಸುಲಿದವರಿಗೆ ಎರಡು ವಾರ ಕೂಲಿ ಕೊಡಲಿಲ್ಲ’. ತಡೆಹಿಡಿದ ಕೂಲಿ ದೇವರ ಕಿವಿಗೆ ಕೂಗುತ್ತದೆ ಎಂದು ಯಾಕೋಬ 5:4 ಹೇಳುತ್ತದೆ. ‘ಆದರೆ’, ‘ಯಾಕೆಂದರೆ’ ಬಂದಲ್ಲಿ ಸಾಲನ್ನು ತುಂಡು ಮಾಡಿ. ಆದಾಮನು ತಾನು ತಿಂದದ್ದನ್ನು ಒಪ್ಪಿದನು, ಆದರೆ ಅದಕ್ಕೂ ಮೊದಲು ಹೆಂಡತಿಯನ್ನೂ ಅವಳನ್ನು ಕೊಟ್ಟ ದೇವರನ್ನೂ ಮುಂದಿಟ್ಟನು (ಆದಿಕಾಂಡ 3:12).

ಹತ್ತು ಆಜ್ಞೆಗಳ ಪಟ್ಟಿ ಹಿಡಿದು ಹೋಗುವುದು ಒಳ್ಳೆಯದೇ, ಆದರೆ ‘ಕೊಲೆ ಮಾಡಬೇಡ’, ‘ಕದಿಯಬೇಡ’ ಎಂಬಲ್ಲಿ ಇದು ನನಗಲ್ಲವೆಂದು ದಾಟಿಬಿಡುತ್ತೇವೆ. ಅಲ್ಲೇ ನಿಲ್ಲಿ. ಸರಿಯಾಗಿ ಒಣಗದ ಅಡಿಕೆಯನ್ನು ಗೋಣಿಯ ನಡುವೆ ತುಂಬಿಸಿದ್ದು, ಅಳತೆಯ ದಿನ ಗಡಿಕಲ್ಲಿನ ವಿಷಯದಲ್ಲಿ ಗೊತ್ತಿದ್ದೂ ಸುಮ್ಮನಿದ್ದದ್ದು, ಅಣ್ಣತಮ್ಮಂದಿರೊಂದಿಗೆ ವರ್ಷಗಟ್ಟಲೆ ಮಾತುಬಿಟ್ಟದ್ದು ಇವೆರಡರಡಿಯೇ ಬರುತ್ತವೆ. ಮಾಡದೆ ಬಿಟ್ಟ ಒಳಿತಿಗೂ ಜಾಗವಿರಲಿ (ಯಾಕೋಬ 4:17).

ಇಗರ್ಜಿಯ ಭಾಷೆಯಲ್ಲಿ ಬರೆದರೆ ಬಾಯಿಪಾಠದ ಮಾತುಗಳೇ ಬರುತ್ತವೆ. ಮನೆಯಲ್ಲಿ ಜಗಳ ಆಡುವ ಭಾಷೆ ಕೊಂಕಣಿಯೋ ತುಳುವೋ ಕನ್ನಡವೋ, ಅದರಲ್ಲೇ ಬರೆಯಿರಿ.

ಮುಗಿದ ಮೇಲೆ ಹಾಳೆ ನೋಡಿ. ಕೈ ತಡೆದು ಬರೆದ, ಇಲ್ಲವೇ ಕೊನೆಗೆ ಮೂಲೆಯಲ್ಲಿ ಸಣ್ಣದಾಗಿ ಬರೆದ ಸಾಲು ಯಾವುದೋ, ಕುಮ್ಸಾರಿನಲ್ಲಿ ಅದನ್ನೇ ಮೊದಲು ಹೇಳಿ. ಸಣ್ಣವನ್ನು ಮುಂದೆ ಪೇರಿಸಿದರೆ ದೊಡ್ಡದು ಗಂಟಲಲ್ಲೇ ಉಳಿಯುತ್ತದೆ. ಗಂಭೀರ ಪಾಪಗಳ ಬಗೆಯನ್ನೂ ಸಂಖ್ಯೆಯನ್ನೂ ಹೇಳಬೇಕೆಂದು ಕಥೋಲಿಕ ಧರ್ಮಸಭೆಯ ಕಾನೂನಿನ 988ನೇ ವಿಧಿ ಕೇಳುತ್ತದೆ. ನಿಖರ ಲೆಕ್ಕ ನೆನಪಿಲ್ಲದಿದ್ದರೆ ‘ವಾರಕ್ಕೆ ಸುಮಾರು ಇಷ್ಟು’ ಎಂದರೆ ಸಾಕು. ಗುರುಗಳು ಕೇಳಿದ್ದನ್ನು ಹೊರಗೆ ಹೇಳುವಂತಿಲ್ಲ. ನಿಮ್ಮ ಹಾಳೆಗೆ ಆ ರಕ್ಷಣೆ ಇಲ್ಲ, ಬಂದ ಕೂಡಲೇ ಹರಿದು ಸುಟ್ಟುಬಿಡಿ.

ಸುಡುವ ಮೊದಲು ತೀರಿಸಬೇಕಾದದ್ದನ್ನು ಬೇರೆ ಚೀಟಿಗೆ ಇಳಿಸಿಕೊಳ್ಳಿ: ಯಾರಿಗೆ, ಎಷ್ಟು ರೂಪಾಯಿ, ಯಾವ ದಿನ. ಸುಂಕದವನಾದ ಜಕ್ಕಾಯನು ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಹಿಂದಿರುಗಿಸುವೆನೆಂದನು (ಲೂಕ 19:8). ಚಾಡಿ ಹೇಳಿದ್ದಾದರೆ ಅದೇ ಮನೆಗೆ ಹೋಗಿ, ನಾನು ಹೇಳಿದ್ದು ಸುಳ್ಳು ಎನ್ನಬೇಕು. ಇದು ಕಷ್ಟ, ಹೆಚ್ಚಿನವರು ಕೈಬಿಡುವುದೂ ಇಲ್ಲೇ.

ಕೆಲವರ ತೊಂದರೆ ತಿರುಗುಮುರುಗು. ಕ್ಷಮೆಯಾದ ಪಾಪವನ್ನೇ ಮತ್ತೆ ಮತ್ತೆ ಹೇಳುವುದು, ಮನಸ್ಸಿಗೆ ಬಂದ ಪ್ರತಿಯೊಂದು ಯೋಚನೆಯನ್ನೂ ಪಾಪವೆನ್ನುವುದು. ಒಪ್ಪಿಗೆಯಿಲ್ಲದೆ ಬಂದ ಯೋಚನೆ ಶೋಧನೆಯೇ (ಪಾಪದ ಕಡೆಗಿನ ಸೆಳೆತವೇ) ಹೊರತು ಪಾಪವಲ್ಲ. ಅಂಥವರು ಬರೆಯುವುದನ್ನು ಹತ್ತು ನಿಮಿಷಕ್ಕೆ ನಿಲ್ಲಿಸಿ, ಒಬ್ಬರೇ ಗುರುಗಳ ಬಳಿ ಹೋಗಿ, ಅವರು ಸಾಕು ಎಂದರೆ ಕೇಳಬೇಕು. ನಿದ್ದೆ, ಊಟ ಕೆಡುವಷ್ಟಾದರೆ ವೈದ್ಯರನ್ನೂ ಕಾಣಲಿ.

ಆಮೇಲೆ ಒಂದೇ ಒಂದು ಪಾಪವನ್ನು ಆರಿಸಿಕೊಳ್ಳಿ. ಬೆಳಿಗ್ಗೆ ಅದನ್ನು ನೆನೆದು ಎಚ್ಚರವಾಗಿರಿ. ಮಧ್ಯಾಹ್ನಕ್ಕೊಂದು, ರಾತ್ರಿಗೊಂದು ಗೆರೆ ಎಳೆದು, ಬಿದ್ದಷ್ಟು ಸಲ ಚುಕ್ಕೆ ಇಡಿ. ಇದೂ ಇಗ್ನೇಷಿಯಸರ ಕ್ರಮವೇ. ವಾರದ ಕೊನೆಗೆ ಹಿಂದಿನ ವಾರದೊಂದಿಗೆ ಹೋಲಿಸಿ. ಚುಕ್ಕೆ ಕಡಿಮೆಯಾಗದಿದ್ದರೆ ಅವು ಯಾವ ಹೊತ್ತಿಗೆ, ಯಾರ ಜೊತೆಗಿದ್ದಾಗ ಬೀಳುತ್ತವೆ ನೋಡಿ, ಅದನ್ನೇ ಮುಂದಿನ ಕುಮ್ಸಾರಿನಲ್ಲಿ ಗುರುಗಳಿಗೆ ಹೇಳಿ.