ಚಳಿಗಾಲದ ಜಿನುಗಿನಲ್ಲಿ ಕಾರ್ಲ್ ವಾರ್ಕ್ ಕೋಟೆಗೆ: ನನ್ನ ಅನುಭವ

ಇಂಗ್ಲೆಂಡಿನ ಶೆಫೀಲ್ಡ್ ನಗರದ ಪಶ್ಚಿಮಕ್ಕೆ, ಪೀಕ್ ಡಿಸ್ಟ್ರಿಕ್ಟ್ ಎಂಬ ಗುಡ್ಡಗಾಡಿನ ಹಾದರ್ಸೇಜ್ ಮೂರ್ (ಮರಗಳಿಲ್ಲದ ಎತ್ತರದ ಕುರುಚಲು ಬಯಲು) ಮೇಲೆ ಕಾರ್ಲ್ ವಾರ್ಕ್ ಎಂಬ ಹಳೆಯ ಕೋಟೆ ಇದೆ. ನಾನು ಇದಕ್ಕೆ ಡಿಸೆಂಬರ್, ಜನವರಿಯನ್ನೇ ಆರಿಸಿಕೊಳ್ಳುತ್ತೇನೆ. ಬೇಸಿಗೆಯಲ್ಲಿ ಒತ್ತಾಗಿ ಬೆಳೆಯುವ ಜರಿಗಿಡ ಆಗ ಕಂದಿ ನೆಲಕ್ಕೊರಗಿರುತ್ತದೆ, ಕಲ್ಲಿನ ಸಾಲುಗಳು ಬಿಡಿಸಿದಂತೆ ಕಾಣುತ್ತವೆ.

ಅಪ್ಪರ್ ಬರ್ಬೇಜ್ ಸೇತುವೆಯಿಂದ ಹೊರಟು ಹಿಗರ್ ಟಾರ್ ಎಂಬ ಬಂಡೆಗುಡ್ಡ (434 ಮೀಟರ್) ಹತ್ತಿ, ಕೋಟೆಗೆ ಇಳಿದು, ಬರ್ಬೇಜ್ ತೊರೆಯ ಹಳೆಯ ಕಲ್ಲುಸೇತುವೆ ದಾಟಿ, ಆಚೆ ದಡದ ಅಗಲ ದಾರಿಯಲ್ಲಿ ಮರಳಿದರೆ ಸುಮಾರು 6 ಕಿ.ಮೀ. ಒದ್ದೆ ದಿನ ಮೂರೂವರೆ ಗಂಟೆ ಹಿಡಿಯುತ್ತೇನೆ. ಡಿಸೆಂಬರಿನಲ್ಲಿ 4 ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ. ಹೀಗಾಗಿ 11ರೊಳಗೆ ಹೊರಡಬೇಕು, ಹಣೆಗೆ ಕಟ್ಟುವ ಟಾರ್ಚ್ ಚೀಲದಲ್ಲಿರಬೇಕು. ನೈಋತ್ಯದ ಗಾಳಿ ಹೋಗುವಾಗ ಮುಖಕ್ಕೆ, ದಣಿದು ಬರುವಾಗ ಬೆನ್ನಿಗೆ ಬರಲೆಂದೇ ಈ ಸುತ್ತು.

ಮಳೆಗಾಲದ ಕೊಡಚಾದ್ರಿಯ ಲೆಕ್ಕ ಇಲ್ಲಿ ನಡೆಯದು. ಅಲ್ಲಿ ನೆನೆದರೂ ನಡೆಯುವವರೆಗೆ ಮೈ ಬೆಚ್ಚಗಿರುತ್ತದೆ, ಇಲ್ಲಿ 3-4 ಡಿಗ್ರಿಯಲ್ಲಿ ಒದ್ದೆ ಹತ್ತಿಬಟ್ಟೆ ಮೈಶಾಖವನ್ನೆಲ್ಲ ಹೀರುತ್ತದೆ. ಜೀನ್ಸ್ ಬೇಡವೇ ಬೇಡ. ಒಳಗೆ ತೆಳು ಉಣ್ಣೆ, ಮೇಲೆ ಫ್ಲೀಸ್, ಹೊರಗೆ ಮಳೆ ಜಾಕೆಟ್, ಮಳೆ ಪ್ಯಾಂಟ್. ಕೈಗವಸು ಎರಡು ಜೊತೆ, ಏಕೆಂದರೆ ಹಿಗರ್ ಟಾರ್‌ನ ಬಂಡೆ ಇಳಿಯುವಾಗ ಕೈ ಊರಲೇಬೇಕು, ಮೊದಲ ಜೊತೆ ಅಲ್ಲೇ ತೊಯ್ಯುತ್ತದೆ. ಫ್ಲಾಸ್ಕಿನಲ್ಲಿ ಚಹಾಕ್ಕಿಂತ ಮೆಣಸಿನ ಸಾರು ನನಗಿಷ್ಟ.

ಆ ಬಂಡೆಗಳ ಒರಟು ಮೈ ಕಾಲನ್ನು ಚೆನ್ನಾಗಿ ಹಿಡಿಯುತ್ತದೆ, ಜಾರುವುದು ಹಸಿರು ಪಾಚಿ ಕಟ್ಟಿದ ಕಡೆ. ಕೆಳಗಿನ ತಗ್ಗಿನಲ್ಲಿ ಗಿಡ ನೋಡಿ ಹೆಜ್ಜೆ ಇಡಬೇಕು: ಹೆದರ್ ಎಂಬ ಕುರುಚಲು ಗಿಡ ಬೆಳೆದಲ್ಲಿ ನೆಲ ಗಟ್ಟಿ, ಹೊಳೆಯುವ ಹಸಿರು ಪಾಚಿಯ ಹಾಸು ಕಂಡರೆ ಅದರಡಿ ನೀರು, ಮೊಣಕಾಲಿನವರೆಗೆ ಹೂತುಹೋಗಬಹುದು. ಮಂಜು ಮುಸುಕಿ ಕೋಟೆ ಕಾಣದಾಗಬಹುದು, ಹಾಗಾಗಿ ಹಿಗರ್ ಟಾರ್ ತುದಿಯಲ್ಲೇ ದಿಕ್ಸೂಚಿ ಹಿಡಿದು ದಕ್ಷಿಣ-ಆಗ್ನೇಯ ಗುರುತಿಸಿಕೊಳ್ಳುತ್ತೇನೆ. ಚಳಿಗೆ ಫೋನಿನ ಬ್ಯಾಟರಿ ಬೇಗ ಕುಸಿಯುತ್ತದೆ, ಕಾಗದದ ನಕ್ಷೆ ಜೊತೆಗಿರಲಿ.

ಚಿತ್ರದುರ್ಗ ಕಂಡವರಿಗೆ ಇಲ್ಲಿಯ ಉಪಾಯ ತಕ್ಷಣ ಹೊಳೆಯುತ್ತದೆ: ಬಹುಪಾಲು ಕಾವಲು ಬಂಡೆಯದೇ. ಕಡಿದಾದ ಅಂಚು ಇಲ್ಲದ ಪಶ್ಚಿಮದ ಕಿರಿದಾದ ಕಡೆಗೆ ಮಾತ್ರ ಸುಮಾರು 3 ಮೀಟರ್ ಎತ್ತರದ ಗೋಡೆ. ಗಾರೆಯಿಲ್ಲದೆ ದೊಡ್ಡ ಕಲ್ಲು ಪೇರಿಸಿ, ಹಿಂದೆ ಮಣ್ಣು ತುಂಬಿದ್ದಾರೆ. ಬಾಗಿಲು ನೈಋತ್ಯ ಮೂಲೆಯಲ್ಲಿದೆ, ಅಲ್ಲಿಂದಲೇ ಒಳಹೋಗಿ. ಗೋಡೆ ಹತ್ತಿದರೆ ಕಲ್ಲು ಸಡಿಲುತ್ತದೆ, ಇದು ಸಂರಕ್ಷಿತ ಸ್ಮಾರಕ. ಕೋಟೆ ಕಬ್ಬಿಣಯುಗದ್ದೆಂದು ವಾಡಿಕೆಯ ಮಾತು, ಕಾಲದ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. ಒಳಗೆಲ್ಲ ಬಂಡೆಗಳೇ ಕಿಕ್ಕಿರಿದಿವೆ. ಸುತ್ತಲ ಇಳಿಜಾರಿನಲ್ಲಿ ಅರ್ಧ ಕಡೆದು ಬಿಟ್ಟ ದುಂಡು ಬೀಸುಕಲ್ಲುಗಳು ಸಿಗುತ್ತವೆ. ಅವು ಕೋಟೆಯವಲ್ಲ, ಎಷ್ಟೋ ಕಾಲದ ನಂತರ ಇಲ್ಲಿ ಕಲ್ಲು ಕಡಿದವರವು.